ಪೂರ್ವನಿಯೋಜಿತ ಧ್ವನಿ

ಮಾರ್ಚ್ 3, ಸೋಮವಾರ

ಇವತ್ತು ತುಂಬಿದ ಕೋರ್ಟಿನಲ್ಲಿ ನನ್ನ ಮಾನ ಹರಾಜಾಯಿತು. ಬರೆದಿಟ್ಟುಕೊಳ್ಳುತ್ತಿದ್ದೇನೆ. ಸೇಡು ತೀರಿಸಿಕೊಳ್ಳುವ ಹೊತ್ತಿಗೆ ಸಿಟ್ಟು ಆರಿಹೋಗಿರಬಾರದು ನೋಡಿ, ಅದಕ್ಕೆ.

ಸಾಕ್ಷಿಗಳು ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಯಂತ್ರ ರೆಕಾರ್ಡ್ ಮಾಡಿಕೊಳ್ಳುತ್ತದೆ. ನಕಲು ವಿಭಾಗದಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅದನ್ನು ಟೈಪ್ ಹೊಡೆಯುವುದು ನನ್ನ ಕೆಲಸ. ತಲೆ ನರೆಯುವಷ್ಟು ವರ್ಷದಿಂದ ಹೊಡೆಯುತ್ತಿದ್ದೇನೆ, ಒಬ್ಬರೂ ಬೆರಳು ತೋರಿಸಿದ್ದಿಲ್ಲ. ಹೋದ ತಿಂಗಳು, ಗಂಡನ ಮೇಲೆ ದೂರು ಕೊಟ್ಟ ಒಬ್ಬಾಕೆಯ ಹೇಳಿಕೆ ಹೊಡೆದಿದ್ದೆ. ಇವತ್ತು ಗಂಡನ ಕಡೆ ವಕೀಲ ಅದೇ ಹಾಳೆಯನ್ನು ಎತ್ತಿ ಹಿಡಿದ. ನಕ್ಕರೆ ಮೂವತ್ತೆರಡೂ ಹೊರಗೆ ಬರುವ ಮನುಷ್ಯ; ನಾನಿಟ್ಟ ಹೆಸರು ಹಲ್ಲಪ್ಪ.

“‘ಹೂಜಿ ತಗೊಂಡು ಒಡೆದ.’ ಇದು ಆಕೆಯ ಮಾತೇ. ಒಡೆದದ್ದು ಹೂಜೀನ. ನನ್ನ ಕಕ್ಷಿದಾರರು ಹೆಂಡತೀನ ಹೊಡೆದರು ಅಂತ ಎಲ್ಲಿದೆ? ಹೂಜಿ ಏನಾದ್ರೂ ಬಂದು ದೂರು ಕೊಟ್ಟಿದ್ಯಾ?”

ಕೋರ್ಟೆಲ್ಲ ಗೊಳ್ಳೆಂದು ನಕ್ಕಿತು. ಕಡತ ಕೊಡಲು ಹೋಗಿ ಬಾಗಿಲ ಬಳಿ ನಿಂತಿದ್ದ ನಾನೂ ನಕ್ಕೆ. ಮಾತು ಹಾಗಿತ್ತು, ಏನು ಮಾಡಲಿ.

“ನಾನು ಅಂಗಂದಿಲ್ಲ” ಎಂದಳು ಆಕೆ. ಓದಿ ಹೇಳಿಸಿಕೊಂಡು, ಸರಿಯಿದೆ ಎಂದು ತಲೆಯಾಡಿಸಿ ಸಹಿ ಹಾಕಿದ್ದಾಳಲ್ಲ, ಎಂದ ಹಲ್ಲಪ್ಪ. ಆಮೇಲೆ ಬಾಗಿಲ ಕಡೆ ಕೈ ತೋರಿಸಿದ. “ಇಲ್ಲಾಂದ್ರೆ ನಮ್ಮ ಟೈಪಿಸ್ಟ್ ಮೇಡಂಗೆ ಕಿವಿ ಮಂದ ಅನ್ಬೇಕು!” ಮತ್ತೆ ನಗು. ಈ ಸಲದ್ದು ನನ್ನ ಮೇಲೆ.

ಮೇಲ್ವಿಚಾರಕರು ಕರೆಸಿ ಹೇಳಿದರು, “ಹದಿನೇಳಕ್ಕೆ ಕೊನೇ ವಾದ. ತಪ್ಪು ಹೊಡೆದಿದ್ರೆ ಅಷ್ಟರೊಳಗೆ ತೋರಿಸಿ. ಇಲ್ಲಾಂದ್ರೆ ಸರಿಯಿದೆ ಅಂತ ಬರೆದುಕೊಡಿ.” ಈ ಕೇಸು ಬಿದ್ದರೆ ಆಕೆಯ ಮಗಳು ಆ ಗಂಡನ ಮನೆಯಲ್ಲೇ ಉಳಿಯುತ್ತಾಳಂತೆ. ಅದು ಅವರ ಮನೆ ವಿಷಯ. ನನ್ನ ವಿಷಯ ನನ್ನ ಕಿವಿ.

ಹೊರಡುವಾಗ ಆಕೆ ಮೊಗಸಾಲೆಯ ಬೆಂಚಿನ ತುದಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕೂತು, “ಏನಮ್ಮಾ, ನೀನು ಅಂದಿದ್ದಾದ್ರೂ ಏನು?” ಎಂದು ಕೇಳಿದೆ. ಮತ್ತೆ ಕೇಳಿದೆ. ತಿರುಗಿ ಕೂಡ ನೋಡಲಿಲ್ಲ ಪುಣ್ಯಾತ್ಗಿತ್ತಿ. ಏನು ಸೊಕ್ಕು!

ಮಾರ್ಚ್ 4, ಮಂಗಳವಾರ

ಹೇಳಿಕೆಯನ್ನು ಮತ್ತೆ ಹಾಕಿ ಕೇಳಿದೆ. ಬೀರುವಿನೊಳಗೆ ಕೂಡಿಹಾಕಿದವರು ಮಾತಾಡಿದ ಹಾಗಿದೆ. ವಾಲ್ಯೂಮ್ ಪಟ್ಟಿಯನ್ನು ನೂರಕ್ಕೆ ಎಳೆದೆ. ಹಲ್ಲಪ್ಪನ ಪ್ರಶ್ನೆಯೇನೋ ಕೇಳುತ್ತದೆ, ಮೈಕಿನ ಪಕ್ಕದಲ್ಲೇ ಅರಚುತ್ತಾನೆ. ಆಕೆಯ ಉತ್ತರ ಮಾತ್ರ ಗುಜುಗುಜು. ಪಕ್ಕದ ಮೇಜಿನವಳ ಹೆಡ್‌ಫೋನ್ ತಂದು ಸಿಕ್ಕಿಸಿದೆ, ಅದೇ ಕಥೆ. ಅವಳ ಯಂತ್ರದಲ್ಲಿ ಹಾಕಿದರೆ ಹಾಡೊಂದು ಕಿವಿ ಹರಿಯುವ ಹಾಗೆ ಬಂತು. ಹೇಳಿಕೆಯನ್ನು ಅಲ್ಲಿ ಹಾಕುವ ಹಾಗಿಲ್ಲ, ಒಬ್ಬರಿಗೆ ಕೊಟ್ಟ ರೆಕಾರ್ಡಿಂಗ್ ಇನ್ನೊಬ್ಬರ ಯಂತ್ರದಲ್ಲಿ ತೆರೆಯುವುದಿಲ್ಲ. ಅಂದರೆ ನನ್ನ ಕಿವಿ ಗಟ್ಟಿಯಿದೆ, ಯಂತ್ರ ಕೆಟ್ಟಿದೆ. ನನ್ನದೊಂದೇ ಯಾಕೆ ಕೆಟ್ಟಿದೆ?

ಹೋದ ತಿಂಗಳವರೆಗೆ ಚೆನ್ನಾಗಿಯೇ ಇತ್ತು. ಹೋದ ತಿಂಗಳು ಏನಾಯಿತು? ನನ್ನ ಮೈದುನ ಬಂದು ಕೈಯಾಡಿಸಿದ.

ಮೈದುನ ನಮ್ಮ ಮನೆಯ ಮಹಡಿಯಲ್ಲೇ ಇದ್ದಾನೆ. ಕೋರ್ಟಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಗುತ್ತಿಗೆ ಅವನದು. “ಇದಕ್ಕೆ ಕಾಸು ಕೊಡಬೇಕಾಗಿಲ್ಲ ಅತ್ತಿಗೆ, ಯಾರು ಬೇಕಾದ್ರೂ ಬಿಚ್ಚಿ ನೋಡಿ ತಿದ್ದಬಹುದು, ಮೇಲಾಗಿ ಎಲ್ಲಾ ಕನ್ನಡದಲ್ಲೇ ಇದೆ” ಎಂದು ಹಳೆಯದನ್ನೆಲ್ಲ ಅಳಿಸಿ, ಪೆಂಗ್ವಿನ್ ಚಿತ್ರವಿರುವ ಹೊಸ ವ್ಯವಸ್ಥೆ ಹಾಕಿ ಹೋದ. ಆ ಪೆಂಗ್ವಿನ್ ಅಂದಿನಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದೆ.

ಮಾರ್ಚ್ 5, ಬುಧವಾರ

ಸಿಕ್ಕಿಬಿದ್ದ! ಸಿಕ್ಕಿಬಿದ್ದ!

ಬೆಳಿಗ್ಗೆ ಯಂತ್ರ ಶುರು ಮಾಡಿದರೆ ನಿನ್ನೆ ನೂರಕ್ಕೆ ಎಳೆದಿದ್ದ ಪಟ್ಟಿ ತಾನಾಗಿಯೇ ನಲವತ್ತಕ್ಕೆ ಬಂದು ಕೂತಿದೆ. ಭೂತ ಹೊಕ್ಕಿದೆಯೇ ಎಂದು ಒಳಗೆ ಕೆದಕುತ್ತಾ ಹೋದೆ. ಒಂದು ಮೂಲೆಯಲ್ಲಿ ಅಚ್ಚಗನ್ನಡದಲ್ಲಿ ಬರೆದಿತ್ತು: ‘ಪೂರ್ವನಿಯೋಜಿತ ಧ್ವನಿ ಮಟ್ಟ: 40.’

ಈ ಕೈ ಆ ಪದವನ್ನು ಎಷ್ಟು ಸಲ ಹೊಡೆದಿಲ್ಲ! ಪೂರ್ವನಿಯೋಜಿತ ಕೊಲೆ. ಪೂರ್ವನಿಯೋಜಿತ ಹಲ್ಲೆ. ಪೂರ್ವನಿಯೋಜಿತ ಸಂಚು. ಮೊದಲೇ ಕೂತು ಲೆಕ್ಕ ಹಾಕಿ, ಬೇಕುಬೇಕೆಂದೇ ಮಾಡಿದ್ದು ಎಂದು ಅರ್ಥ. ಕಳ್ಳ ತನ್ನ ತಪ್ಪೊಪ್ಪಿಗೆಯನ್ನು ತಾನೇ ಬರೆದಿಟ್ಟು ಹೋಗಿದ್ದಾನೆ.

ಕಾರಣವೂ ಇದೆ. ಕೆಲವು ವಾರದ ಕೆಳಗೆ ಎಲ್ಲರೂ ಊಟಕ್ಕೆ ಕೂತಾಗ, “ಅತ್ತಿಗೆ ಗಂಟಲಿಗೂ ಒಂದು ವಾಲ್ಯೂಮ್ ಪಟ್ಟಿ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು” ಎಂದಿದ್ದ. ಅತ್ತೆ ನಕ್ಕರು. ನಮ್ಮವರು ತಟ್ಟೆಯೊಳಗೆ ಮುಖ ಹುದುಗಿಸಿಕೊಂಡು ನಕ್ಕರು. ನನ್ನ ಬಾಯಿ ಜೋರು ಎಂದು ಮದುವೆಯಾದಂದಿನಿಂದ ಕೇಳುತ್ತಿದ್ದೇನೆ, ಅದು ಹೊಸದಲ್ಲ. ಆದರೆ ನನ್ನ ಗಂಟಲಿಗೆ ಹಾಕಲಾಗದ ಬೀಗವನ್ನು ನನ್ನ ಕಿವಿಗೆ ಹಾಕಿದ್ದಾನಲ್ಲ, ಅವನಿಗೆ ನೀರಿಳಿಸದಿದ್ದರೆ ನಾನು ನಾನೇ ಅಲ್ಲ.

ಮಾರ್ಚ್ 6, ಗುರುವಾರ

ಮನೆಯ ವೈಫೈ ಡಬ್ಬಿ ಇರುವುದು ನನ್ನ ಕೋಣೆಯಲ್ಲಿ. ಬೆಳಿಗ್ಗೆ ಪಾಸ್‌ವರ್ಡ್ ಬದಲಾಯಿಸಿ ಕೆಲಸಕ್ಕೆ ಹೋದೆ.

ಸಂಜೆ ಮೆಟ್ಟಿಲಿಳಿದು ಬಂದ. “ಅತ್ತಿಗೆ, ನೆಟ್ ಬರ್ತಾನೇ ಇಲ್ಲ.”

“ಅಯ್ಯೋ, ಹೌದೇನಪ್ಪಾ? ಪೂರ್ವನಿಯೋಜಿತ ಇರಬೇಕು.”

ಮಿಕಮಿಕ ನೋಡಿ ವಾಪಸು ಹೋದ. ಇವತ್ತು ಅನ್ನ ಎರಡು ತುತ್ತು ಹೆಚ್ಚೇ ಸೇರಿತು.

ಮಾರ್ಚ್ 8, ಶನಿವಾರ

ಮಾತಿಗೆ ಮಾತು ಬೆಳೆದು ಎಲ್ಲ ಹೊರಗೆ ಬಂತು. ಅವನು ಪಾಸ್‌ವರ್ಡ್ ಕೇಳಿದ, ನಾನು ನನ್ನ ಮಾನ ಕೇಳಿದೆ. ಅತ್ತೆ ಅಡುಗೆಮನೆಯಿಂದ “ಏನೇ ಅದು, ಬೀದಿಗೆಲ್ಲ ಕೇಳಿಸ್ತಿದೆ” ಎಂದರು. ಕೇಳಿಸಲಿ ಎಂದೇ ಕೂಗುತ್ತಿದ್ದೆ.

“ಬೇಕೂಂತ ಮಾಡಿದ್ದೀಯ! ನೀನೇ ಬರೆದಿದ್ದೀಯಲ್ಲೋ, ಪೂರ್ವನಿಯೋಜಿತ ಅಂತ! ರಿಜಿಸ್ಟ್ರಾರ್‌ಗೆ ದೂರು ಕೊಡ್ತೀನಿ. ನಿನ್ನ ಗುತ್ತಿಗೆ ಹೇಗೆ ಉಳಿಯುತ್ತೋ ನೋಡೇ ಬಿಡ್ತೀನಿ.”

ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ. “ಅತ್ತಿಗೇ, ಡೀಫಾಲ್ಟ್‌ಗೆ ಕನ್ನಡ ಅದು! ಯಾರೂ ಏನೂ ಮುಟ್ಟದೇ ಇದ್ದಾಗ ಎಷ್ಟಿರುತ್ತೋ ಅದು. ಅಷ್ಟೇ!”

“ಯಾರೂ ಮುಟ್ಟದೇ ಇರೋದಕ್ಕೆ ಪೂರ್ವನಿಯೋಜಿತ ಅಂತ ಹೆಸರಿಟ್ಟ ಆ ಮಹಾನುಭಾವ ಯಾರು?”

ತಲೆ ಕೆರೆದುಕೊಂಡ. ಇವನೂ ಇವನ ಗೆಳೆಯರೂ ಸೇರಿ ಪುಕ್ಕಟೆಯಾಗಿ ಅನುವಾದ ಮಾಡಿದ್ದಂತೆ. ಪುಕ್ಕಟೆಯಾಗಿದ್ದರಿಂದ ಬೈಯಲೂ ಆಗಲಿಲ್ಲ. ಆದರೂ ಬೈದೆ.

ಆಮೇಲೆ ಅವನು ಸಮಾಧಾನವಾಗಿ ಹೇಳಿದ. ಹಳೆಯ ಮಾದರಿಯ ಯಂತ್ರ ನನ್ನದೊಂದು, ಕೋರ್ಟ್ ಹಾಲಿನದೊಂದು. ಅವೆರಡಕ್ಕೂ ಈ ಕಾಯಿಲೆ. “ಮೇಲೆ ಕಾಣೋ ಪಟ್ಟಿ ಬಚ್ಚಲಿನ ನಲ್ಲಿ ಇದ್ದಂಗೆ ಅತ್ತಿಗೆ. ಕೆಳಗೆ ಮೀಟರ್ ಹತ್ರ ಇನ್ನೊಂದು ವಾಲ್ವು ಇರುತ್ತಲ್ಲ, ಅದು ಮುಕ್ಕಾಲು ಮುಚ್ಚಿದ್ರೆ ಮೇಲಿಂದು ಎಷ್ಟು ತಿರುಗಿಸಿದ್ರೂ ತೊಟತೊಟ ಅಂತಲೇ ಬರೋದು. ಸೋಮವಾರ ಬಂದು ತೆಗೆದುಕೊಡ್ತೀನಿ.”

ಸರಿ, ಇವನಲ್ಲ ಕಳ್ಳ. ಹಾಗಾದರೆ ಇಷ್ಟು ಸಿಟ್ಟನ್ನು ಈಗ ಯಾರ ತಲೆಯ ಮೇಲೆ ಸುರಿಯಲಿ? ಹೊಸ ಪಾಸ್‌ವರ್ಡ್ ಹೇಳುವಾಗ ಮಾತ್ರ ಇರಿಸುಮುರಿಸಾಯಿತು. ‘ಮೈದುನಕಳ್ಳ’ ಎಂದು ಇಟ್ಟಿದ್ದೆ.

ಮಾರ್ಚ್ 10, ಸೋಮವಾರ

ಮೈದುನ ಬಂದು ಕಪ್ಪು ಪರದೆಯೊಂದನ್ನು ತೆಗೆದ. ಅದರಲ್ಲಿ ಉದ್ದುದ್ದ ಕಂಬಗಳು. ಬೆಳಿಗ್ಗೆ ನಾನು ಮತ್ತೆ ನೂರಕ್ಕೆ ಎಳೆದಿದ್ದರಿಂದ ‘ಮಾಸ್ಟರ್’ ಎಂಬ ಕಂಬ ತುದಿಯವರೆಗೂ ತುಂಬಿತ್ತು. ಪಕ್ಕದ ‘ಹೆಡ್‌ಫೋನ್’ ಕಂಬ ನೆಲಕ್ಕೆ ಅಂಟಿಕೊಂಡಿತ್ತು. ಬಾಣದ ಗುಂಡಿ ಒತ್ತಿ ಅದನ್ನು ಮೇಲಕ್ಕೇರಿಸಿದ. “ಇಷ್ಟೇ ಅತ್ತಿಗೆ.” ಇಷ್ಟೇ! ಇದಕ್ಕೋಸ್ಕರ ನಾನು ಕಿವುಡಿ ಅನ್ನಿಸಿಕೊಂಡೆ.

ಹೇಳಿಕೆ ಹಾಕಿದೆ. ಅಬ್ಬಾ! ಫ್ಯಾನು ಕಿರುಗುಟ್ಟಿದ್ದು, ಯಾರೋ ಕುರ್ಚಿ ಎಳೆದದ್ದು, ಹಲ್ಲಪ್ಪ ಎಂಜಲು ನುಂಗಿದ್ದು, ಎಲ್ಲ ಕೇಳಿಸಿತು. ಈಗ ಬರುತ್ತದೆ ‘ಹೊಡೆದ’, ಹಾಳೆ ತಿದ್ದಿ ಹಲ್ಲಪ್ಪನ ಮುಖಕ್ಕೆ ಹಿಡಿಯುತ್ತೇನೆ ಎಂದು ಕಾದು ಕೂತೆ.

ಬಂದದ್ದು: “ಊಜಿ ತಗೊಂಡು ಒಡ್ದ.”

ಹಿಂದಕ್ಕೆ ಎಳೆದು ಮತ್ತೆ ಕೇಳಿದೆ. ಒಡ್ದ. ಮತ್ತೆ ಕೇಳಿದೆ. ಒಡ್ದ. ಸ್ಪಷ್ಟವಾಗಿ, ಗಂಟೆ ಹೊಡೆದ ಹಾಗೆ, ಹಕಾರವೇ ಇಲ್ಲ. ನನಗೆ ತಡೆಯಲಾರದಷ್ಟು ರೇಗಿತು. ಅಷ್ಟು ರಾದ್ಧಾಂತ ಮಾಡಿ, ಮನೆಯವರ ಹತ್ತಿರವೆಲ್ಲ ಜಗಳ ಕಾಯ್ದು, ಕೊನೆಗೆ ಹಲ್ಲಪ್ಪನ ಮಾತೇ ಸರಿಯಾಗಬೇಕೇ? ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಒಗೆದು, ಯಂತ್ರವನ್ನೂ ಆರಿಸದೆ ಮನೆಗೆ ಬಂದೆ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಹಾಲು ಕಾಯಿಸುತ್ತಾ ನಿಂತಿದ್ದಾಗ ಇದ್ದಕ್ಕಿದ್ದಂತೆ ಹೊಳೆಯಿತು. ಹಾಲು ಉಕ್ಕಿಹೋಯಿತು, ಹೋಗಲಿ.

ಆಕೆ ‘ಒಡ್ದ’ ಅಂದಳು, ಸರಿ. ಅದಕ್ಕೂ ಮುಂಚೆ ‘ಊಜಿ’ ಅಂದಳಲ್ಲ? ಹಾಳೆಯಲ್ಲಿ ಅದು ‘ಹೂಜಿ’ ಎಂದಿದೆ. ಓಡಿಹೋಗಿ ಇಡೀ ಹೇಳಿಕೆಯನ್ನು ಹಾಳೆಯ ಪಕ್ಕದಲ್ಲಿಟ್ಟುಕೊಂಡು ಕೇಳಿದೆ. ‘ಆಲು ಕಾಸ್ತಿದ್ದೆ.’ ‘ಇಂದಿನಿಂದ ಬಂದ.’ ‘ಒಸ್ಲಿಗೆ ಬಿದ್ದೆ.’ ಒಂದು ಕಡೆಯೂ ಆಕೆ ಹಕಾರ ಹಚ್ಚಿಲ್ಲ. ನಾನು ಹಚ್ಚಿದ್ದೇನೆ! ಹಾಲು, ಹಿಂದಿನಿಂದ, ಹೊಸಲು. ಹೆಜ್ಜೆಹೆಜ್ಜೆಗೂ ನಾನೇ ಹ ಕೂರಿಸುತ್ತಾ ಹೋಗಿ, ಒಂದು ಕಡೆ ಮಾತ್ರ ಬಿಟ್ಟಿದ್ದೇನೆ. ಹೂಜಿ ಒಡೆಯುವ ವಸ್ತುವೇ ಆದ್ದರಿಂದ ಕೈ ಯೋಚಿಸದೆ ಮುಂದೆ ಹೋಗಿದೆ.

ನನ್ನಮ್ಮನೂ ಹೀಗೇ ಮಾತಾಡುತ್ತಿದ್ದಳು. ನಾನೂ ಹೀಗೇ ಮಾತಾಡುತ್ತಿದ್ದೆ, ಶಾಲೆಯಲ್ಲಿ ಮೇಷ್ಟ್ರು ‘ಆಲು ಅಲ್ಲ, ಹಾಲು’ ಎಂದು ಗೆಣ್ಣಿನ ಮೇಲೆ ಬಾರಿಸುವವರೆಗೆ. ಅಂದಿನಿಂದ ಕಂಡಲ್ಲೆಲ್ಲ ಹ ಕೂರಿಸುವ ಚಾಳಿ ಹತ್ತಿದ್ದು.

ಅಷ್ಟೇ ಆಗಿದ್ದರೆ ಹಲ್ಲಪ್ಪ ಇನ್ನೂ ಜಾರಿಕೊಳ್ಳುತ್ತಿದ್ದ. ಆದರೆ ‘ಒಡ್ದ’ ಆದ ಮೇಲೆ ಇನ್ನೊಂದು ಮಾತಿದೆ. ಉಸಿರಿನಷ್ಟು ಸಣ್ಣಗೆ, ನಿನ್ನೆ ಸಿಟ್ಟಿನಲ್ಲಿ ಅಲ್ಲಿಯವರೆಗೆ ನಾನು ಕೇಳಲೇ ಇಲ್ಲ.

“ಊಜಿ ತಗೊಂಡು ಒಡ್ದ... ಕಿವಿಗೆ.”

ಆ ‘ಕಿವಿಗೆ’ ಮುಗಿಯುವ ಮುಂಚೆಯೇ ಅದರ ಮೇಲೆ ಕಾಲಿಟ್ಟ ಹಾಗೆ ಹಲ್ಲಪ್ಪನ ದನಿ: “ಆಯ್ತಮ್ಮ, ಆಮೇಲೆ?”

ಅವನು ಕಟಕಟೆಯಿಂದ ಒಂದು ಮಾರು ದೂರದಲ್ಲಿ ನಿಂತಿರುತ್ತಾನೆ. ಅವನಿಗೆ ಕೇಳಿಸಿದೆ. ಕೇಳಿಸಿದ್ದಕ್ಕೇ ಮುಚ್ಚಿಹಾಕಿದ್ದಾನೆ. ಆಮೇಲೆ ನನ್ನ ಹಾಳೆಯಲ್ಲಿ ಆ ಮಾತು ಇಲ್ಲದ್ದನ್ನು ಕಂಡು, ಹೂಜಿಯ ತಮಾಷೆ ಕಟ್ಟಿಕೊಂಡು ಬಂದು, ಅವಳ ಎದುರೇ ಹಲ್ಲು ಕಿರಿದಿದ್ದಾನೆ. ಮೈದುನಾ, ನಿನ್ನ ಪದಕ್ಕೆ ಸರಿಯಾದ ಜಾಗ ಸಿಕ್ಕಿತು ನೋಡು. ಪೂರ್ವನಿಯೋಜಿತ ಅಂದರೆ ಇದು.

ಮಾರ್ಚ್ 13, ಗುರುವಾರ

ತಪ್ಪು ಹೊಡೆದಿದ್ದೇನೆಂದು ಬರೆದುಕೊಟ್ಟೆ. ಮೇಲ್ವಿಚಾರಕರ ಮುಖ ಹುಳ್ಳಗಾಯಿತು. ಬರೀ ಬರೆದುಕೊಟ್ಟರೆ ಆಗದು, ಹದಿನೇಳಕ್ಕೆ ಕೋರ್ಟ್ ಹಾಲಿನಲ್ಲೇ ರೆಕಾರ್ಡಿಂಗ್ ಹಾಕಿ ಕೇಳುತ್ತಾರಂತೆ ನ್ಯಾಯಾಧೀಶೆ. ಕೇಳಲಿ. ಅದೇ ನನಗೆ ಬೇಕಾದದ್ದು.

ನಿನ್ನೆ ಆರಿಸಿ ಹೋಗಿದ್ದ ಯಂತ್ರ ಬೆಳಿಗ್ಗೆ ಮತ್ತೆ ನಲವತ್ತಕ್ಕೆ ಇಳಿದಿತ್ತು. ಹೆಡ್‌ಫೋನ್ ಕಂಬವೂ ಮತ್ತೆ ನೆಲ ಕಚ್ಚಿತ್ತು. ಮೈದುನನನ್ನು ಕರೆಸಿದೆ. ಏರಿಸಿದ್ದನ್ನು ಹಾಗೇ ಉಳಿಸು ಎಂದು ಕೊನೆಯಲ್ಲಿ ಒಂದು ಸಾಲು ಹೊಡೆಯಬೇಕಂತೆ. ಇಲ್ಲದಿದ್ದರೆ ಎಷ್ಟು ಸಲ ಎತ್ತಿದರೂ ಇಳಿದುಬಿಡುತ್ತದೆ. “ನೀನು ಯಾಕೆ ಮೊದಲೇ ಹೇಳ್ಲಿಲ್ಲ?” ಎಂದರೆ, “ನೀವು ಹೆಡ್‌ಫೋನ್ ಎಸೆದು ಹೋದ್ರಲ್ಲ ಅತ್ತಿಗೆ” ಅಂದ. ಆ ಸಾಲನ್ನು ಕಣ್ಣು ಮುಚ್ಚಿಕೊಂಡು ಹೊಡೆಯುವಷ್ಟು ಕಲಿತೆ. ಕೋರ್ಟ್ ಹಾಲಿನ ಯಂತ್ರವನ್ನು ಸೋಮವಾರ ಬೆಳಿಗ್ಗೆಯೇ ಸರಿಮಾಡುತ್ತೇನೆಂದು ಮಾತು ಕೊಟ್ಟಿದ್ದಾನೆ.

ಅವಳ ಮಗಳಿಗೆ ಏಳು ತುಂಬಿದೆಯಂತೆ. ಕೋರ್ಟಿನ ಗುಮಾಸ್ತರನ್ನು ಕೇಳಿ ತಿಳಿದುಕೊಂಡೆ. ಸುಮ್ಮನೆ ಕೇಳಿದೆ.

ಮಾರ್ಚ್ 17, ಸೋಮವಾರ

ಮೈದುನ ಬರಲಿಲ್ಲ! ಕೋರ್ಟಿನ ಮೇಲಿನ ಮಹಡಿಯಲ್ಲಿ ಇನ್ಯಾವುದೋ ಯಂತ್ರ ಕೈಕೊಟ್ಟು ಅವನು ಅಲ್ಲಿ ಸಿಕ್ಕಿಕೊಂಡಿದ್ದ. ಇತ್ತ ಕೋರ್ಟ್ ಹಾಲಿನಲ್ಲಿ ಗುಮಾಸ್ತರು ರೆಕಾರ್ಡಿಂಗ್ ಹಾಕಿಬಿಟ್ಟರು. ಸ್ಪೀಕರಿನಿಂದ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ನ್ಯಾಯಾಧೀಶೆ ಮುಂದಕ್ಕೆ ಬಾಗಿದರು. ಹಲ್ಲಪ್ಪ ಸುತ್ತ ನೋಡಿ, “ಯಾರಿಗಾದ್ರೂ ಏನಾದ್ರೂ ಕೇಳಿಸ್ತಾ? ನನಗಂತೂ ಇಲ್ಲ” ಎಂದು ಮೂವತ್ತೆರಡನ್ನೂ ಬಿಟ್ಟ. ಕಟಕಟೆಯಲ್ಲಿ ಅವಳು ನೆಲ ನೋಡುತ್ತಾ ನಿಂತಿದ್ದಳು.

ನಾನು ಬಾಗಿಲ ಬಳಿಯಿಂದ ನೇರ ಯಂತ್ರದ ಹತ್ತಿರ ಹೋದೆ. ಅನುಮತಿ ಗಿನುಮತಿ ಕೇಳಲಿಲ್ಲ.

“ಯಾರ್ರೀ ನೀವು?” ಎಂದರು ನ್ಯಾಯಾಧೀಶೆ.

“ಟೈಪಿಸ್ಟ್, ಮೇಡಂ. ಅದನ್ನ ತಪ್ಪು ಹೊಡೆದವಳು ನಾನೇ. ಸ್ವಲ್ಪ ತಡೀರಿ, ಕೇಳ್ಸೋ ಹಾಗೆ ಮಾಡ್ತೀನಿ.” ನನ್ನ ಗಂಟಲು ಹಾಲಿನ ಆ ತುದಿಗೆ ಮುಟ್ಟಿ ವಾಪಸು ಬಂತು. ಒಬ್ಬರೂ ‘ಮೆಲ್ಲಗೆ ಮಾತಾಡು’ ಅನ್ನಲಿಲ್ಲ.

ಕಪ್ಪು ಪರದೆ ತೆಗೆದೆ. ‘ಸ್ಪೀಕರ್’ ಕಂಬ ನೆಲದಲ್ಲಿತ್ತು. ಬಾಣದ ಗುಂಡಿ ಒತ್ತಿ ಹಿಡಿದೆ. ಅದು ಏರುವಾಗ ನನ್ನೊಳಗೂ ಏನೋ ಏರುತ್ತಿತ್ತು, ಸುಳ್ಳು ಯಾಕೆ ಹೇಳಲಿ, ಹಲ್ಲಪ್ಪನ ಕತ್ತಿನ ಪಟ್ಟಿ ಹಿಡಿದು ಎತ್ತಿದಷ್ಟು ಹಿತವಾಗಿತ್ತು. ತುದಿ ಮುಟ್ಟಿದ ಮೇಲೆ ಉಳಿಸುವ ಸಾಲನ್ನೂ ಹೊಡೆದೆ. ಮತ್ತೆ ಹಾಕಿದೆ.

ಮೊದಲು ಹಲ್ಲಪ್ಪನ ಕೆಮ್ಮು ಸಿಡಿಲಿನ ಹಾಗೆ ಬಂತು. ಹಿಂದಿನ ಸಾಲಿನವರು ಬೆಚ್ಚಿದರು. ಆಮೇಲೆ ಅವಳ ದನಿ, ಗೋಡೆಯಿಂದ ಗೋಡೆಗೆ.

“ಆಲು ಕಾಸ್ತಿದ್ದೆ. ಇಂದಿನಿಂದ ಬಂದ. ಊಜಿ ತಗೊಂಡು ಒಡ್ದ... ಕಿವಿಗೆ.”

“ಆಯ್ತಮ್ಮ, ಆಮೇಲೆ?”

ಯಾರೂ ನಗಲಿಲ್ಲ. ಹಲ್ಲಪ್ಪ ಎದ್ದು, “ಮೇಡಂ, ಒಡ್ದ ಅಂದ್ರೆ ಒಡೆದ ಅಂತಲೇ ಆಗುತ್ತೆ, ಹೊಡೆದ ಅಂತ...” ಎಂದು ಶುರುಮಾಡಿದ.

“ವಕೀಲರೇ,” ಎಂದರು ನ್ಯಾಯಾಧೀಶೆ, “ಹೊಡೆದನೋ ಒಡೆದನೋ, ಕಿವಿಗೇ ತಾನೆ?”

ಅವನು ಕೂತ. ಬಾಯಿ ಮುಚ್ಚಿದರೆ ಅವನಿಗೆ ತುಟಿಗಳೂ ಇವೆ ಎಂದು ಇವತ್ತು ಗೊತ್ತಾಯಿತು. ಹೇಳಿಕೆ ತಿದ್ದಲು ಆದೇಶವಾಯಿತು. ತೀರ್ಪು ಬರುವವರೆಗೆ ಮಗಳು ತಾಯಿಯ ಹತ್ತಿರವೇ ಇರಲಿ ಎಂದೂ ಆಯಿತು.

ಹೊರಗೆ ಅವಳು ಅದೇ ಬೆಂಚಿನ ಅದೇ ತುದಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಾನು ಗೆದ್ದ ಖುಷಿಯಲ್ಲಿ ಹೋಗಿ ಪಕ್ಕದಲ್ಲಿ ಕೂತೆ. “ನೋಡಿದ್ಯೇನೇ, ಅವನಿಗೆ ಹೇಗೆ ನೀರಿಳಿಸಿದೆ!” ಅವಳು ಬಾಗಿಲನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ಹೇಳಿದೆ. ಬೆಂಚು ಅಲುಗಿದ್ದಕ್ಕೋ ಏನೋ ತಿರುಗಿದವಳು, ನನ್ನನ್ನು ಕಂಡು ಗಡಿಬಿಡಿಯಿಂದ ಗೋಡೆ ಬಿಟ್ಟು ಈಚೆ ಸರಿದು ಜಾಗ ಮಾಡಿದಳು.

“ಅಕ್ಕಾ, ಈ ಕಡೆ ಬನ್ನಿ. ಆ ಕಡೆ ಕೇಳ್ಸಲ್ಲ.”

ಎದ್ದು ಹೋಗಿ ಗೋಡೆಯ ಬದಿಗೆ ಕೂತೆ. ಅವಳೇ ಮಾತಾಡಿದಳು. “ಎಷ್ಟು ಜೋರಾಗಿ ಆಕಿದ್ರಿ ಅಕ್ಕಾ! ನನ್ ದನಿ ಅಷ್ಟು ದೊಡ್ಡದಾಗಿದೆ ಅಂತ ಗೊತ್ತೇ ಇರ್ಲಿಲ್ಲ.”

ಮಗಳನ್ನು ಕರೆತರುವವರೆಗೆ ಅಲ್ಲೇ ಕೂತಿದ್ದೆ. ಮನೆಗೆ ಬರುವುದು ತಡವಾಯಿತು. ಯಾಕೆ ಇಷ್ಟು ಹೊತ್ತು ಎಂದು ಅತ್ತೆ ಕೇಳಿದ್ದಕ್ಕೆ, “ಬಸ್ಸು ಸಿಗ್ಲಿಲ್ಲ” ಅಂದೆ. ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಅವರಿಗೆ ಕೇಳಿಸಲಿಲ್ಲವಂತೆ.

ಮಾರ್ಚ್ 18, ಮಂಗಳವಾರ

ಯಂತ್ರ ಶುರುವಾದಾಗ ಕಂಬಗಳೆಲ್ಲ ನಿನ್ನೆ ಇದ್ದಲ್ಲೇ ಇದ್ದವು.

ಮಾರ್ಚ್ ಮೂರರ ಕಲಾಪ ಹೊಡೆಯುವುದು ಬಾಕಿಯಿತ್ತು. ನಗು, ಕೆಮ್ಮುಗಳನ್ನು ಬಿಟ್ಟು ಹೊಡೆಯುವುದು ನಮ್ಮಲ್ಲಿ ರೂಢಿ. ಇವತ್ತು ಬಿಡಬಾರದು ಎಂದುಕೊಂಡೇ ಕೂತೆ. ಹೂಜಿಯ ಮಾತಿಗೆ ಹಲ್ಲಪ್ಪ ನಕ್ಕದ್ದು ಅಕ್ಷರ ಅಕ್ಷರವಾಗಿ ಹಾಳೆಯ ಮೇಲೆ ಇರಲಿ, ಅವನ ಕಣ್ಣಿಗೆ ಬೀಳಲಿ.

ಹೂಜಿಯ ಮಾತು ಬಂತು. ಮೊದಲು ನಕ್ಕವನು ಅವನೇ. ಆದರೆ ಅದರ ಮೇಲೆ ಇನ್ನೊಂದು ನಗು ಏರಿ ಬಂತು, ಹೆಂಗಸಿನದು, ಬಾಗಿಲ ಕಡೆಯಿಂದ, ಇಡೀ ಹಾಲಿನಲ್ಲಿ ಎಲ್ಲರಿಗಿಂತ ಜೋರು. ‘ನಾನು ಅಂಗಂದಿಲ್ಲ’ ಎಂದು ಅವಳು ಒಂದು ಸಲವಲ್ಲ, ಎರಡು ಸಲ ಹೇಳಿದ್ದಾಳೆ. ಮೊದಲ ಸಲದ್ದು ಆ ನಗುವಿನ ಅಡಿಯಲ್ಲಿದೆ.

ಯಾರ ಗಂಟಲೆಂದು ಕಂಡುಹಿಡಿಯಲು ಹಿಂದಕ್ಕೆ ಎಳೆದು ಕೇಳಬೇಕಾಗಿರಲಿಲ್ಲ. ಆದರೂ ಎಳೆದು ಕೇಳಿದೆ. ಬೆರಳು ವಾಲ್ಯೂಮ್ ಪಟ್ಟಿಯ ಕಡೆಗೆ ಹೋಯಿತು. ಹಿಂದಕ್ಕೆ ತೆಗೆದೆ.

ವಕೀಲರು: ಹಹ್ಹಹ್ಹಾ. ಟೈಪಿಸ್ಟ್: ಹಹ್ಹಹ್ಹಹ್ಹಹ್ಹಾ.

ಒಂದು ಹಕಾರವನ್ನೂ ಬಿಡದೆ ಹೊಡೆದೆ.